ಕಾಗದಕ್ಕಿಂತ ಮೊದಲು ಕೈ ನೋಡುವ ‘ಸಹಿ ಅಕ್ಕ’

ಬೆಳಗಿನ ಐದೂವರೆ. ವಿಮಾನ ನಿಲ್ದಾಣದ ಹಣ ವಿನಿಮಯ ಕೌಂಟರಿನಲ್ಲಿ, ಗಾಜಿನ ಹಿಂದೆ ಕೂತ ಐವತ್ತೊಂಬತ್ತರ ಮಹಿಳೆ ಒಂದು ಚೆಕ್ಕನ್ನು ದಿಟ್ಟಿಸುತ್ತಿದ್ದಾರೆ. ಎದುರಿಗೆ ನಿಂತ ವೃದ್ಧರ ಬಲಗೈ ನಡುಗುತ್ತಿದೆ. ಪ್ರವಾಸದ ನಡುವೆಯೇ ಅವರ ಹೆಂಡತಿ ಆಸ್ಪತ್ರೆ ಸೇರಿದ್ದಾರೆ. ಮುಂಗಡ ಕಟ್ಟದೆ ಶಸ್ತ್ರಚಿಕಿತ್ಸೆ ಇಲ್ಲ. ಇರುವುದು ಆರು ಟ್ರಾವೆಲರ್ಸ್ ಚೆಕ್ ಮಾತ್ರ. ಮೊದಲನೆಯದಕ್ಕೆ ಸಹಿ ಹಾಕಿದ್ದಾರೆ, ಆದರೆ ಮೇಲಿನ ಸಹಿಗೂ ಕೆಳಗಿನ ಸಹಿಗೂ ತಾಳಮೇಳವೇ ಇಲ್ಲ.

ಗಾಜಿನ ಹಿಂದಿನ ಈ ಮಹಿಳೆಯನ್ನು ಸಹೋದ್ಯೋಗಿಗಳು ಕರೆಯುವುದೇ ‘ಸಹಿ ಅಕ್ಕ’ ಎಂದು. ವಿದೇಶಕ್ಕೆ ಹೋಗುವವರು ನಗದಿನ ಬದಲು ಒಯ್ಯುವ ಈ ಚೆಕ್ಕಿನ ಗುಟ್ಟೆಲ್ಲ ಎರಡು ಸಹಿಗಳಲ್ಲಿದೆ. ಕೊಳ್ಳುವಾಗ ಮೇಲೊಂದು, ಹಣ ಪಡೆಯುವಾಗ ಕೌಂಟರಿನವರ ಕಣ್ಣೆದುರೇ ಕೆಳಗೊಂದು. ಕಳೆದುಹೋದರೆ ನಂಬರು ಹೇಳಿ ಹಣ ವಾಪಸ್ ಪಡೆಯಬಹುದು. “ಕೆಲವರು ಭಾರೀ ಜಾಣರು, ಮನೇಲೇ ಎರಡೂ ಸಹಿ ಮುಗಿಸ್ಕೊಂಡು ಬಂದುಬಿಡ್ತಾರೆ, ಕೆಲಸ ಬೇಗ ಆಗ್ಲಿ ಅಂತ! ಆಗಲ್ಲ ಅಂದ್ರೆ ನನ್ನ ಮೇಲೇ ರೇಗ್ತಾರೆ,” ಎಂದು ನಗುತ್ತಾರೆ.

ಮೂವತ್ತೊಂದು ವರ್ಷದಿಂದ ಇದೇ ಕುರ್ಚಿ. ಒಂದು ಕಾಲಕ್ಕೆ ದಿನಕ್ಕೆ ಎಂಬತ್ತು ಜನ ಚೆಕ್ ತರುತ್ತಿದ್ದರು. ಕಾರ್ಡು ಬಂದ ಮೇಲೆ ವಾರಕ್ಕೆ ಇಬ್ಬರು ಬಂದರೆ ಹೆಚ್ಚು. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಶಾಲೆ ಬಿಡುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಈ ನಸುಕಿನ ಪಾಳಿಯನ್ನು ಕೇಳಿ ಪಡೆದರು.

ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸಹಿ ಹೊಂದಲಿಲ್ಲವೆಂದು ಒಬ್ಬ ಹೆಂಗಸನ್ನು ವಾಪಸ್ ಕಳಿಸಿದ್ದರು. ಆಕೆಯ ಹೆಬ್ಬೆರಳಿಗೆ ಪೆಟ್ಟಾಗಿತ್ತೆಂದು ಆಮೇಲೆ ತಿಳಿಯಿತು. “ಚೆಕ್ಕು ಆಕೇದೇ ಆಗಿತ್ತು. ಎರಡು ದಿನ ಇಲ್ಲೇ ಬೆಂಚಿನ ಮೇಲೆ ಉಪವಾಸ ಕೂತಿದ್ರಂತೆ. ಆವತ್ತಿಂದ ನಾನು ಕಾಗದಕ್ಕಿಂತ ಮೊದಲು ಕೈ ನೋಡ್ತೀನಿ.”

ಈಗಲೂ ಅದನ್ನೇ ಮಾಡುತ್ತಾರೆ. ವೃದ್ಧರನ್ನು ಕೂರಿಸಿ, ನೀರು ಕೊಟ್ಟು, ಚೆಕ್ಕನ್ನು ಮಗುಚಿಟ್ಟು, “ಅವಸರ ಇಲ್ಲ ಯಜಮಾನ್ರೇ, ಹಿಂದುಗಡೆ ಇನ್ನೊಂದ್ಸಲ ಹಾಕಿ” ಎನ್ನುತ್ತಾರೆ. ಅಕ್ಷರಗಳು ಮತ್ತೆ ಚೆಲ್ಲಾಪಿಲ್ಲಿ. ಆದರೆ ಹೆಸರು ಮುಗಿದ ಮೇಲೆ ಅವರು ಪೆನ್ನೆತ್ತಿ, ಬಲದಿಂದ ಎಡಕ್ಕೆ ಒಂದು ಗೆರೆ ಎಳೆದು, ಅದರಡಿ ಎರಡು ಚುಕ್ಕೆ ಇಡುತ್ತಾರೆ. ಕೊಳ್ಳುವಾಗ ಹಾಕಿದ ಮೇಲಿನ ಸಹಿಯಲ್ಲೂ ಎಡತುದಿಗೆ ತೆಳುವಾಗುವ ಅದೇ ಗೆರೆ, ಅವೇ ಚುಕ್ಕೆಗಳು. “ನಕಲಿಯವರು ಮೇಲಿನದನ್ನ ನೋಡ್ಕೊಂಡು ಬರೀತಾರೆ. ತನ್ನ ಸಹೀನ ಯಾರಾದ್ರೂ ನೋಡ್ಕೊಂಡು ಹಾಕ್ತಾರಾ?”

ಪಾಸ್‌ಪೋರ್ಟ್ ಸರಿಯಿದ್ದರೂ ಮ್ಯಾನೇಜರು ಒಪ್ಪುವುದಿಲ್ಲ. ಹೆಚ್ಚುಕಮ್ಮಿಯಾದರೆ ಆರೂ ಚೆಕ್ಕಿನ ಹಣ ನಿಮ್ಮ ಸಂಬಳದಿಂದಲೇ ಹೋಗುತ್ತದೆ ಎನ್ನುತ್ತಾರೆ. ಸಹಿ ಅಕ್ಕ ಹೊಣೆಪತ್ರಕ್ಕೆ ಸಹಿ ಹಾಕಿ, ಉಳಿದ ಐದು ಚೆಕ್ಕಿಗೂ ವೃದ್ಧರ ಸಹಿ ಪಡೆದು, ಹಣವನ್ನು ಗಾಜಿನ ಕೆಳಗಿನಿಂದ ದಾಟಿಸುತ್ತಾರೆ. ವೃದ್ಧರು ಅದನ್ನು ಜೇಬಿಗೆ ತುರುಕಿಕೊಂಡು ಬಾಗಿಲ ಕಡೆ ಧಾವಿಸುತ್ತಾರೆ.

ಚೆಕ್ಕು ಪಾಸಾಯಿತೇ ಎಂದು ತಿಳಿಯಲು ಹತ್ತು ದಿನ ಬೇಕು. ನಿವೃತ್ತಿಗೆ ಉಳಿದಿರುವುದು ಒಂದೇ ತಿಂಗಳು. ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಾರೆ.

“ಆಗದೆ ಏನು? ಆದ್ರೆ ಅದು ಅವರದೇ ಸಹಿ ಅಂತ ನಂಗೆ ಗೊತ್ತಾಗಿಬಿಟ್ಟಿತ್ತಲ್ಲ. ಗೊತ್ತಿದ್ದೂ ‘ನೀವು ನೀವಲ್ಲ’ ಅಂತ ಅವರ ಮುಖ ನೋಡಿ ಹೇಗೆ ಹೇಳ್ಲಿ?”