ಆಲೂಗಡ್ಡೆಯ ಬೇರು ತೊಳೆಯುವ ಬೇರಮ್ಮ

ಬೆಳಕು ಹರಿಯುವ ಹೊತ್ತು. ಕೃಷಿ ಸಂಶೋಧನಾ ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ಬೇರಮ್ಮ ಅಂಗಿಯ ತೋಳು ಮಡಚಿ ತೊಟ್ಟಿಯ ಮುಂದೆ ಕೂತಿದ್ದಾರೆ. ರಾತ್ರಿಯಿಡೀ ನೆನೆದ ಮೊಣಕಾಲುದ್ದದ ಮಣ್ಣಿನ ಗಟ್ಟಿಯೊಂದು ಅವರ ಕೈಯಲ್ಲಿ ನಿಧಾನವಾಗಿ ಕರಗುತ್ತಿದೆ. ಒಳಗಿರುವುದು ಆಲೂಗಡ್ಡೆ ಗಿಡದ ಬೇರು. ಅದನ್ನು ತೊಳೆದು ಇಡಿಯಾಗಿ ಬಿಡಿಸುವುದೇ ಅವರ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಇಲ್ಲಿ ಯಾರಿಗೂ ನೆನಪಿಲ್ಲ.

"ನೀರು ಜೋರಾಗಿ ಬಿಟ್ರೆ ಕೆಲಸ ಕೆಟ್ಟಂಗೇ. ಎಳೆ ಮಗೂಗೆ ತಲೆ ತೊಳೆಯೋ ಹಾಗೆ ತೊಳೀಬೇಕು."

ಒಂದು ಗಿಡಕ್ಕೆ ಅರ್ಧ ದಿನ. ಹನ್ನೊಂದು ವರ್ಷದಿಂದ ಇದೇ. ಚಳಿಗಾಲದಲ್ಲಿ ಬೆರಳು ಮರಗಟ್ಟಿ ಅಂಗಿಯ ಗುಂಡಿ ಹಾಕಲೂ ಬರುವುದಿಲ್ಲವಂತೆ. ಆಗ ಗಂಡನೇ ಹಾಕಿಕೊಡಬೇಕು.

ಆ ಗಂಡ ಇದೇ ಕೇಂದ್ರದ ಟ್ರ್ಯಾಕ್ಟರ್ ಚಾಲಕ. ಇವತ್ತು ಶೆಡ್ಡಿನ ಬಾಗಿಲಲ್ಲಿ ನಿಂತು ಚಡಪಡಿಸುತ್ತಿದ್ದಾರೆ. ಮನೆಯ ಹಿಂದಿನ ಅರ್ಧ ಎಕರೆಗೆಂದು ಎತ್ತಿಟ್ಟ ಬಿತ್ತನೆ ಗಡ್ಡೆ ಮೊಳಕೆಯೊಡೆದಿದೆ. ವರ್ಷದ ಬೆಳೆ ಅದೊಂದೇ. ಮೊನ್ನೆಯ ಮಳೆಗೆ ನೆಲ ಮಾತ್ರ ಇನ್ನೂ ಹಸಿ.

"ಇವತ್ತೇ ಉತ್ತುಬಿಡ್ತೀನಿ ಕಣೇ. ತಡವಾದ್ರೆ ಮೊಳಕೆ ಉದ್ದವಾಗಿ ಮುರಿದುಹೋಗುತ್ತೆ."

"ಹಸಿ ನೆಲಕ್ಕೆ ಟ್ರ್ಯಾಕ್ಟರ್ ಇಳಿಸ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಆತುರಗಾರನಿಗೆ ಬುದ್ಧಿ ಮಟ್ಟ."

"ಉತ್ತ ಮೇಲೆ ಮಣ್ಣು ಸಡಿಲ ಆಗುತ್ತಲ್ಲ, ಇನ್ನೇನು ಬೇಕು?"

ಬೇರು ತೊಳೆಯುವುದನ್ನು ನೋಡಲು ಬಂದ ನನಗೂ ಅದು ಸರಿಯೆನಿಸುತ್ತದೆ. ಪ್ರಯೋಗಕ್ಕೆಂದು ಈ ಸಲ ಕೇಂದ್ರದ ಹೊಲದ ಎರಡು ತಾಕುಗಳನ್ನು ಈ ಚಾಲಕರೇ ಉತ್ತಿದ್ದರು: ಒಂದು ಮಣ್ಣು ಆರಿದ ಮೇಲೆ, ಇನ್ನೊಂದು ಹಸಿಯಾಗಿದ್ದಾಗಲೇ. ಎರಡೂ ಕಡೆಯಿಂದ ಒಂದೊಂದು ಗಿಡ ತಂದು ನಿನ್ನೆಯೇ ತೊಳೆದಿಟ್ಟಿದ್ದನ್ನು ಬೇರಮ್ಮ ಕಪ್ಪು ಹಲಗೆಯ ಮೇಲೆ ಹರಡುತ್ತಾರೆ. ಆರಿದ ಮಣ್ಣಿನ ಬೇರು ಮೊಣಕಾಲುದ್ದ ಇಳಿದಿದೆ. ಹಸಿಯಲ್ಲಿ ಉತ್ತ ಕಡೆಯದು ಗೇಣುದ್ದ ಇಳಿದು, ಚಕ್ರದ ಭಾರಕ್ಕೆ ಬಿಗಿದುಕೊಂಡ ಪದರಕ್ಕೆ ತಾಗಿ, ಅಡ್ಡಡ್ಡ ಹರಡಿಬಿಟ್ಟಿದೆ. ಗಡ್ಡೆಗಳು ಗೋಲಿಯಷ್ಟು. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಮಣ್ಣಿಗೂ ಸಲ್ಲುತ್ತದೆಂದು ನನಗೆ ಗೊತ್ತಿರಲಿಲ್ಲ.

ಚಾಲಕರು ಬಗ್ಗಿ, ಅಡ್ಡ ತಿರುಗಿದ ಬೇರನ್ನು ಬೆರಳಿನಿಂದ ನೇರ ಮಾಡಲು ನೋಡುತ್ತಾರೆ. ಅದು ಮತ್ತೆ ಬಾಗುತ್ತದೆ.

"ಇದು ನಾನು ಉತ್ತಿದ್ದಾ?"

"ಮತ್ತಿನ್ಯಾರು, ಪಕ್ಕದ ಮನೆಯವರಾ?"

ಅವರು ಬೇರನ್ನು ಬಿಟ್ಟು ಎದ್ದು ನಿಲ್ಲುತ್ತಾರೆ. "ಬಿತ್ತನೆ ಗಡ್ಡೆನ ಬೆಳಕಿರೋ ಕಡೆ ಹರಡಿಡ್ತೀನಿ. ಮೊಳಕೆ ಗಿಡ್ಡವಾಗೇ ಇರುತ್ತೆ. ನೆಲ ಆರ್ಲಿ."

ಅವರು ಹೋದ ಮೇಲೆ, ಹೆಂಡತಿಯ ಮಾತಿಗಿಂತ ಬೇರಿನ ಮಾತೇ ಮೇಲಾಯಿತಲ್ಲ ಎಂದು ಕೆಣಕುತ್ತೇನೆ. ಬೇರಮ್ಮ ಜರಡಿ ತೊಳೆಯುತ್ತಲೇ ನಗುತ್ತಾರೆ.

"ಆಗ್ಲಿ ಬಿಡಿ. ಒಂದೆಳೆ ತುಂಡಾಗಿದ್ರೂ 'ತೊಳೆಯೋವಾಗ ನೀನೇ ಕಿತ್ತಿದ್ದು' ಅಂತಿದ್ರು. ಒಂದಾದ್ರೂ ತುಂಡಾಗಿದ್ಯಾ ನೋಡಿ!"