ಐದನೆಯ ಕ್ಯಾಮರಾ

ನಂಬದಿದ್ದರೆ ಬಿಡಿ, ನಂಬಿಸುವ ಹಟ ನನಗಿಲ್ಲ. ಆದರೆ ಕಟ್ಟುಕತೆ ಎಂದು ಮಾತ್ರ ಮುಖದ ಮೇಲೆ ಹೇಳಬೇಡಿ, ನನಗೆ ಸಿಟ್ಟು ಬರುತ್ತದೆ. ಇದು ನನ್ನ ಕಣ್ಣೆದುರಿಗೇ ನಡೆದದ್ದು.

ತೊಂಬತ್ತರ ದಶಕದ ಕೊನೆ. ನಾನು ಮಸ್ಕಿಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದೆ. ವಳಕಮದಿನ್ನಿ ಕಡೆಯ ಒಂದು ಅಕ್ಕಿ ಗಿರಣಿಯಿಂದ ಕರೆ ಬಂತು. ಅಲ್ಲಿ ದಿನಾ ರಾತ್ರಿ ಒಂದು ಚೀಲ ಅಕ್ಕಿ ಮಾಯವಾಗುತ್ತಿತ್ತಂತೆ. ಸಾಹುಕಾರರು ಹೈದರಾಬಾದಿನಿಂದ ನಾಲ್ಕು ಕ್ಯಾಮರಾ ತಂದಿದ್ದರು. ಅವಕ್ಕೆ ಕರೆಂಟು ಕೊಡುವ ಪೆಟ್ಟಿಗೆಯನ್ನೇ ತಂದಿರಲಿಲ್ಲ!

"ಪೆಟಗಿ ನೀನ ಮಾಡು. ಇವತ್ತ ರಾತ್ರಿ ಕಳ್ಳ ಟಿ.ವಿ.ಯಾಗ ಕಾಣಬೇಕು. ಇಲ್ಲಾಂದ್ರ ನಾಳೆ ಈ ಯಂಕಪ್ಪನ್ನ ಮನಿಗೆ ಕಳಸ್ತೀನಿ," ಎಂದು ಹೇಳಿ ಸಾಹುಕಾರರು ಸಿಂಧನೂರಿಗೆ ಹೋದರು.

ಯಂಕಪ್ಪ ಇಪ್ಪತ್ತು ವರ್ಷದಿಂದ ಅಲ್ಲಿನ ಕಾವಲುಗಾರ.

"ಖರೇನ ಹೇಳ್ತೀನ್ರೀ, ಒಂದ ಕಾಳೂ ಮುಟ್ಟಿಲ್ಲ. ಧಣಿ ನನ್ನ ಮಾತ ನಂಬಲ್ಲ, ಆ ಟಿ.ವಿ. ಮಾತರ ನಂಬ್ತಾರ. ಹೆಂಗರ ಮಾಡಿ ಹಚ್ಚಿಕೊಡ್ರೀ," ಎಂದ.

ಲೆಕ್ಕ ಸುಲಭ. ಒಂದು ಕ್ಯಾಮರಾಕ್ಕೆ ಅರ್ಧ ಆಂಪಿಯರ್, ನಾಲ್ಕಕ್ಕೆ ಎರಡು. ಇರಲಿ ಎಂದು ಇನ್ನೂ ಸ್ವಲ್ಪ ಹೆಚ್ಚು ತಡೆಯುವಂತೆ ಪೆಟ್ಟಿಗೆ ಕಟ್ಟಿದೆ. ಹಚ್ಚಿದರೆ... ಟಪ್! ಫ್ಯೂಸ್ ಹೋಯಿತು. ಮತ್ತೊಂದು ಹಾಕಿದೆ, ಅದೂ ಟಪ್. ವೈರು ತಡಕಿದೆ, ಜಾಯಿಂಟು ಬಿಚ್ಚಿದೆ, ಇಲಿಗಳಿಗೂ ಬೈದೆ. ಥೂ! ಮೀಟರಿನ ಮುಳ್ಳು ಎರಡು ದಾಟಿ ಏರುತ್ತಲೇ ಇತ್ತು. ಕತ್ತಲಾಯಿತು. ತವುಡಿನ ವಾಸನೆ, ಬೆವರು, ಸೊಳ್ಳೆ... ಕೈಯಲ್ಲಿದ್ದ ಇಕ್ಕಳ ಬಿಸಾಡಿ ಮನೆಗೆ ಹೋಗಿಬಿಡಬೇಕೆನಿಸಿತು.

ಕೊನೆಗೆ ಎಲ್ಲವನ್ನೂ ಕಳಚಿದೆ. ನಾಲ್ಕೂ ವೈರು ಕೂಡುವ ಹಲಗೆಯ ಬಳಿ ಯಂಕಪ್ಪನನ್ನು ಏಣಿ ಹತ್ತಿಸಿ, "ಒಂದೊಂದ ಹಚ್ಚು, ಎಣಿಸಿ ಹೇಳು," ಎಂದೆ.

ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಗಿರಣಿಯವನಲ್ಲವೇ, ಯಂಕಪ್ಪನೂ ಹಾಗೇ ಎಣಿಸಿದ.

"ಲಾಭ..." ಮುಳ್ಳು ಅರ್ಧಕ್ಕೆ ಬಂತು.

"ಎರಡು... ಮೂರು... ನಾಕು..."

ಸರಿಯಾಗಿ ಎರಡು ಆಂಪಿಯರ್! ಅಬ್ಬಾ, ಗೆದ್ದೆ ಎಂದುಕೊಂಡೆ.

ಆಗ ಚೀಲಗಳ ಹಿಂದಿನಿಂದ ಮೆಲ್ಲಗೆ...

"ಐದು."

ಮುಳ್ಳು ಎರಡೂವರೆಗೆ ಏರಿತು.

"ಲೇ ಯಂಕಪ್ಪ, ಐದು ಯಾಕಂದಿ?"

"ನಾ ಅಂದಿಲ್ರೀ... ನೀವ ಅಂದ್ರಿ ಅನ್ಕಂಡೆ." ಅವನು ಏಣಿಯನ್ನು ತಬ್ಬಿಕೊಂಡ.

"ಆರು."

ಈ ಸಲ ಅದು ನನ್ನ ಬೆನ್ನ ಹಿಂದೆಯೇ ಕೇಳಿತು. ಕಿವಿಗೆ ಬಿಸಿ ಉಸಿರು ತಾಗಿತು... ಟಪ್! ಗಿರಣಿಯ ಬಲ್ಬೂ ಹೋಯಿತು. ನಾನು ಓಡಿದೆ. ಯಂಕಪ್ಪನನ್ನು ಏಣಿಯ ಮೇಲೆಯೇ ಬಿಟ್ಟು ಡಾಂಬರು ರಸ್ತೆಯವರೆಗೂ ಓಡಿದೆ.

ಬೆಳಿಗ್ಗೆ ಹೋದರೆ ಮತ್ತೆ ಒಂದು ಚೀಲ ಇರಲಿಲ್ಲ.

"ಎಷ್ಟೊತ್ತಿನ ತನಕ ಇವನ ಜೋಡಿ ಇದ್ದಿ?" ಸಾಹುಕಾರರು ನನ್ನನ್ನು ಕೇಳಿದರು.

"ಹೇಳ್ರೀ," ಎಂದ ಯಂಕಪ್ಪ, "ನೀವೂ ಕೇಳೀರಲ್ಲಾ..."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ದೆವ್ವಕ್ಕೆ ಹೆದರಿ ಓಡಿದ ಮೇಸ್ತ್ರಿಗೆ ಮತ್ತೆ ಯಾರು ಕೆಲಸ ಕೊಡುತ್ತಾರೆ?

"ನಾ ಸಂಜಿಮುಂದ ಹೋಗಿದ್ದೆರೀ. ಏನೂ ಗೊತ್ತಿಲ್ಲ," ಎಂದೆ.

ಯಂಕಪ್ಪ ನನ್ನನ್ನು ಒಂದು ಸಲ ನೋಡಿದ. ಸೊಂಟದ ಚಾವಿಗೊಂಚಲು ಬಿಚ್ಚಿಟ್ಟು ಕಾಲುವೆ ದಂಡೆ ಹಿಡಿದು ನಡೆದ.

ಅಲ್ಲಿ ಯಾರಿದ್ದರೋ, ಏನಿತ್ತೋ, ಇಂದಿಗೂ ನನಗೆ ತಿಳಿದಿಲ್ಲ. ಆ ದಾರಿಯ ಬಸ್ಸು ಹತ್ತಿದರೆ ಈಗಲೂ ಮೈ ಜುಮ್ಮೆನ್ನುತ್ತದೆ... ಆದರೆ ಯಾವುದಾದರೂ ಸ್ಟಾಪಿನಲ್ಲಿ ಯಂಕಪ್ಪ ಹತ್ತಿಬಿಟ್ಟರೆ ಏನು ಮಾಡಲಿ ಎಂಬ ಅಂಜಿಕೆಯೇ ಹೆಚ್ಚು.