ಮೆಣಸಿನಕಾಯಿ ಹೊಗೆ ಮತ್ತು ಪಕ್ಕದಂಗಡಿಯ ಮಾಟಗಾತಿ

ಕೊರೊನಾ ಕಾಲದಲ್ಲಿ ನಾನು ಜಪಾನಿನ ಉರಯಾಸು ಊರಿನ ಒಂದು ಸಣ್ಣ ಇಂಡಿಯನ್ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದೆ. ಒಳಗೆ ಕೂತು ತಿನ್ನುವವರು ನಿಂತುಹೋಗಿದ್ದರು. ಪಾರ್ಸೆಲ್ ಮಾತ್ರ. ಅದೂ ಕಮ್ಮಿ.

"ಅಂಗಡಿಗೆ ದೃಷ್ಟಿ ಆಗಿದೆ ಕಣೋ," ಅಂದರು ಮೈಸೂರಿನವರಾದ ಓನರ್. "ನಿಮ್ಮಮ್ಮ ತೆಗೀತಿದ್ರು ಅಂದಿದ್ಯಲ್ಲ, ನೀನೇ ತೆಗಿ."

ಅಮ್ಮ ತೆಗೆಯುತ್ತಿದ್ದಳು, ನಿಜ. ಊರಿನ ಅರ್ಧ ಮಕ್ಕಳಿಗೆ ಅವಳೇ ತೆಗೆದದ್ದು. ಅದರಲ್ಲೊಂದು ಮಗು ಜ್ವರ ಬಂದು ಸತ್ತಿತು. ಮಾಟಗಾತಿ ಅಂದರು. ಹೊಡೆದರು, ಕೂದಲು ಕತ್ತರಿಸಿದರು, ಊರಿಂದ ಓಡಿಸಿದರು. ನನ್ನ ಓದು ಅಲ್ಲಿಗೇ ಮುಗಿಯಿತು. ಚಿಕ್ಕಮ್ಮನ ಮನೆ ಸೇರಿದ ಅಮ್ಮ, ಯಾರಾದರೂ ಬಂದರೆ ಒಳಕೋಣೆಗೆ ಹೋಗಿಬಿಡುತ್ತಿದ್ದಳು. ಅವಳು ಒಂದು ಸಲ ನಾಲ್ಕು ಜನರೆದುರು ತಲೆಯೆತ್ತಿ ನಿಲ್ಲಬೇಕು ಅನ್ನುವುದೊಂದೇ ನನ್ನ ಆಸೆ.

ಕಾದ ಕಾವಲಿ ಮೇಲೆ ಉಪ್ಪು, ಒಣಮೆಣಸಿನಕಾಯಿ ಸುರಿದು ಫ್ಯಾನ್ ಹಾಕಿದೆ. ಹೊಗೆಯೆಲ್ಲ ಬೀದಿಗೆ ಹೋಯಿತು. ಪಾರ್ಸೆಲಿಗೆ ನಿಂತವರು ಮಾಸ್ಕಿನೊಳಗೇ ಕೆಮ್ಮತೊಡಗಿದರು. ಆ ಕಾಲದಲ್ಲಿ, ಜಪಾನಿನಲ್ಲಿ, ನಡುಬೀದಿಯಲ್ಲಿ ಕೆಮ್ಮು! ಎಲ್ಲರೂ ಓಡಿದರು.

"ದೃಷ್ಟಿ ತೆಗಿ ಅಂದ್ರೆ ಗಿರಾಕಿನೇ ತೆಗ್ದ್ಯಲ್ಲೋ!" ಓನರ್ ತಲೆ ಚಚ್ಚಿಕೊಂಡರು.

ಸುಮಿಮಾಸೆನ್, ಸುಮಿಮಾಸೆನ್ ಅಂತ ಕ್ಷಮೆ ಕೇಳುತ್ತ ಹೊರಗೆ ಬಂದೆ. ಪಕ್ಕದಂಗಡಿಯ ಹುಡುಗಿ ಮಾತ್ರ ಉಳಿದಿದ್ದಳು. ಒಣಸೊಪ್ಪು, ಮೇಣದಬತ್ತಿ ಮಾರುವವಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, ಯಾಕೆ ಸುಟ್ಟೆ ಅಂತ ಕೇಳಿದಳು. ಬಂದಷ್ಟು ಜಪಾನಿಯಲ್ಲಿ ಹೇಳಿದೆ.

"ಹಾಗಾದ್ರೆ ನಾವು ಒಂದೇ ಜಾತಿ. ನಾನು ಮಾಜೋ," ಅಂದಳು.

ಮಾಜೋ ಅಂದರೆ ಮಾಟಗಾತಿ. ನನಗೆ ಸಿಟ್ಟು ಬಂತು.

"ತಮಾಷೆ ಅಲ್ಲ ಅದು. ಹಂಗಂದು ನಮ್ಮಮ್ಮನಿಗೆ ಹೊಡೆದ್ರು."

ಅವಳ ನಗು ನಿಂತಿತು. ಹಿಂದೆ ಯುರೋಪಿನಲ್ಲಿ ಅಂಥವರನ್ನು ಸುಟ್ಟೇ ಹಾಕುತ್ತಿದ್ದರಂತೆ. ಈಗ ತನ್ನಂಥವರು ಆ ಹೆಸರನ್ನು ತಾವೇ ಇಟ್ಟುಕೊಂಡು, ಹುಣ್ಣಿಮೆಗೆ ದೀಪ ಹಚ್ಚಿ ಸುಮ್ಮನೆ ಕೂರುತ್ತಾರಂತೆ. ಒಬ್ಬಳೇ ಮನೆಯಲ್ಲಿ ಬಿದ್ದಿದ್ದಾಗ ಅದೇ ತನ್ನನ್ನು ಉಳಿಸಿತು ಅಂದಳು. ಮತ್ತೆ ಮೆಲ್ಲಗೆ ಕೇಳಿದಳು, "ನಿಮ್ಮಮ್ಮ ನನಗೆ ಕಲಿಸ್ತಾರಾ?"

ಅಲ್ಲೇ ಅಮ್ಮನಿಗೆ ವೀಡಿಯೊ ಕಾಲ್ ಮಾಡಿ, ಹುಡುಗಿ ಅಂದದ್ದನ್ನೆಲ್ಲ ಹೇಳಿದೆ. ಅಮ್ಮ ಫೋನನ್ನು ಕಣ್ಣಿನ ಹತ್ತಿರ ತಂದು ಅವಳನ್ನು ನೋಡಿದಳು.

"ಮಗಾ, ತಾನೇ ಹಂಗಂತ ಹೇಳ್ಕತಾಳಾ?"

"ಹೂಂ. ಬೋರ್ಡಲ್ಲೂ ಬರ್ಸವ್ಳೆ."

"ಯಾರೂ ಹೊಡೀಲಿಲ್ವಾ?"

"ಇಲ್ಲಮ್ಮ. ಕ್ಯೂ ನಿಂತು ಸೊಪ್ಪು ತಗಂಡೋಯ್ತಾರೆ."

ಹುಡುಗಿ ಫೋನಿಗೆ ಸೊಂಟದವರೆಗೆ ಬಗ್ಗಿದಳು.

"ಏನ್ಲಾ ಅದು, ಏನಾರ ಬೀಳಿಸ್ಕಂಡ್ಳಾ?"

"ನಿಂಗೇ ಕೈ ಮುಗೀತಾವ್ಳೆ."

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನೀ ಎಷ್ಟು ಮೆಣ್ಸಿನ್ಕಾಯಿ ಹಾಕ್ದೆ?"

"ಒಂದ್ ಬೊಗಸೆ."

"ಥೂ ದಡ್ಡ! ಊರೇ ಕೆಮ್ಮಿಸ್ತೀಯೇನ್ಲಾ?" ಅಂದು ನಕ್ಕಳು. ಎಷ್ಟೋ ವರ್ಷದ ಮೇಲೆ ಅವಳ ಹಲ್ಲು ನೋಡಿದೆ.

ಹಿಂದಿನಿಂದ ಚಿಕ್ಕಮ್ಮ, "ಅಕ್ಕಾ, ಎದುರುಮನೆಯವ್ಳು ಮಗೀಗೆ ತೆಗೀರಿ ಅಂತ ಕೇಳ್ತಾನೇ ಅವ್ಳೆ," ಅಂದಳು.

"ಮಗೀನ ಮುಟ್ಟಕ್ಕೆ ನಂಗೆ ಭಯ ಕಣೇ."

"ಕೊರೊನಾ ಅಲ್ವಾ, ಮುಟ್ಟಂಗೇ ಇಲ್ಲ. ದೂರದಿಂದ್ಲೇ ತೆಗಿ."

ಅಮ್ಮ ಫೋನನ್ನು ಚಿಕ್ಕಮ್ಮನ ಕೈಗಿಟ್ಟು ಒಳಕೋಣೆಗೆ ಹೋದಳು.

ಮುಂದಿನ ವಾರ ಫೋನ್ ಮಾಡಿದಾಗ ಚಿಕ್ಕಮ್ಮ ಎತ್ತಿ, ಫೋನನ್ನು ಬೀದಿಗೆ ತಿರುಗಿಸಿದಳು. ಅಮ್ಮ ಮಾಸ್ಕ್ ಹಾಕಿಕೊಂಡು, ದೂರದಿಂದಲೇ ಎದುರುಮನೆ ಮಗುವಿನತ್ತ ಕೈ ಚಾಚಿ, ನಾಯಿ ಕಣ್ಣು ನರಿ ಕಣ್ಣು ಅನ್ನುತ್ತ ಉಪ್ಪು ನಿವಾಳಿಸುತ್ತಿದ್ದಳು. ಆ ಮಗುವಿನ ತಾಯಿಯ ಹಿಂದೆ ಇನ್ನಿಬ್ಬರು ತಾಯಂದಿರು ಮಕ್ಕಳನ್ನೆತ್ತಿಕೊಂಡು ಕಾಯುತ್ತಿದ್ದರು.

ಮಾಟಗಾತಿ ಅನ್ನುವ ಹೆಸರು ಪಕ್ಕದಂಗಡಿಯವಳಿಗೆ ಬೇಕು. ಅಮ್ಮನಿಗೆ ಇವತ್ತಿಗೂ ಬೇಡ. ಇಬ್ಬರದೂ ಸರಿ ಅನ್ನುತ್ತೇನೆ.

"ಆಮ್ಯಾಕೆ ಫೋನ್ ಮಾಡ್ಲಾ, ಜನ ನಿಂತವ್ರೆ," ಅಂತ ಅಮ್ಮ ಅಲ್ಲಿಂದಲೇ ಕೂಗಿದಳು.